ಎರಡು ಸೈಕಲ್, ಒಂದು ಭಾನುವಾರ

ಮದುವೆಯಾಗಿ ಹದಿನೇಳು ವರ್ಷ ಕಳೆದ ಗಂಡ ಹೆಂಡತಿ ಇಬ್ಬರೇ ಒಂದು ದಿನ ಹೊರಗೆ ಹೋಗಿಬರಬೇಕೆಂದರೆ ಎಷ್ಟು ಖರ್ಚಾಗುತ್ತದೆ? ನಮ್ಮ ಲೆಕ್ಕ ಹೇಳುತ್ತೇನೆ, ಕೇಳಿ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೋಗಿ, ಮಾಲ್‌ನಲ್ಲಿ ಸಿನಿಮಾ ನೋಡಿ, ಪಾಪ್‌ಕಾರ್ನ್ ತಿಂದು, ಹೋಟೆಲಿನಲ್ಲಿ ಊಟ ಮಾಡಿ ಬಂದರೆ ಸಾವಿರದ ಐನೂರು ರೂಪಾಯಿಗೆ ಕಡಿಮೆಯಿಲ್ಲ. ಅಷ್ಟು ದುಡ್ಡಿನಲ್ಲಿ ಒಂದು ಸಿಲಿಂಡರ್ ಗ್ಯಾಸ್ ತರಿಸಿ, ಮಿಕ್ಕಿದ್ದರಲ್ಲಿ ವಾರದ ತರಕಾರಿ ಮುಗಿಸಬಹುದು. ಇಷ್ಟು ಖರ್ಚು ಮಾಡಿಯೂ ಸಿನಿಮಾ ನಡೆಯುವಾಗ ಮಾತನಾಡುವಂತಿಲ್ಲ. ಹೋಟೆಲಿನಲ್ಲಿ ನಾವು ಏಳುವುದನ್ನೇ ಕಾಯುತ್ತಾ ಪಕ್ಕದಲ್ಲಿ ನಾಲ್ಕು ಜನ ನಿಂತಿರುತ್ತಾರೆ.

ಮನೆಯಲ್ಲೇ ಮಾತನಾಡಬಹುದಲ್ಲ ಎನ್ನಬಹುದು ನೀವು. ನಮ್ಮದು ಕೋಟೆಯೊಳಗಿನ ಎರಡು ಕೋಣೆಯ ಮನೆ. ಒಂದರಲ್ಲಿ ಹತ್ತನೇ ತರಗತಿ ಓದುವ ಮಗಳು, ಇನ್ನೊಂದರಲ್ಲಿ ಅತ್ತೆ. ಅತ್ತೆಯವರಿಗೆ ಟಿವಿ ಎಷ್ಟು ಜೋರು ಮಾಡಿದರೂ ಕೇಳಿಸದು. ಅಡುಗೆಮನೆಯ ಪಿಸುಮಾತು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ನಮ್ಮ ಮಾತುಗಳೆಲ್ಲ ‘ಹಾಲು ತಂದ್ರಾ’, ‘ಕರೆಂಟ್ ಬಿಲ್ ಕಟ್ಟಿದ್ರಾ’ ಎಂಬಲ್ಲಿಗೆ ಮುಗಿಯುತ್ತಿದ್ದವು.

ಸೈಕಲ್ ಸವಾರಿಯ ಯೋಚನೆ ಕೊಟ್ಟಿದ್ದು ಮನೆಯ ಹಿತ್ತಲು. ಅಲ್ಲಿ ಮಾವನವರ ಕಾಲದ ಕಪ್ಪು ಸೈಕಲ್ಲೊಂದು ಗೋಡೆಗೊರಗಿ ನಿಂತಿತ್ತು. ಪಕ್ಕದಲ್ಲಿ ಮಗಳ ಸೈಕಲ್. ಅವಳು ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದ ಮೇಲೆ ಅದೂ ಮೂಲೆ ಸೇರಿತ್ತು. ಎರಡಕ್ಕೂ ಹೊಸ ಟ್ಯೂಬು, ಬ್ರೇಕಿನ ರಬ್ಬರು, ಎಣ್ಣೆ ಎಂದು ಸೈಕಲ್ ಶಾಪಿನವರು ತೆಗೆದುಕೊಂಡಿದ್ದು 640 ರೂಪಾಯಿ. ಒಂದು ಸಲದ ಖರ್ಚು, ಅಷ್ಟೆ. ನಾನು ಹಳ್ಳಿಯಲ್ಲಿ, ಸೀಟು ಎಟುಕದೆ ಬಾರಿನ ಕೆಳಗಿನಿಂದ ಕಾಲು ತೂರಿಸಿ ಸೈಕಲ್ ಕಲಿತವಳು. ಕೈ ಮರೆತಿರಲಿಲ್ಲ, ಮಂಡಿ ಮಾತ್ರ ಎರಡು ದಿನ ನೋಯಿತು.

“ಅಮ್ಮಾ, ನೀವಿಬ್ರೂ ಡೇಟ್‌ಗೆ ಹೋಗ್ತಿದೀರಾ?” ಎಂದು ಮಗಳು ಕಿಸಕ್ಕನೆ ನಕ್ಕಳು. “ಏನ್ ಡೇಟು? ಇವತ್ತು ಹನ್ನೆರಡು” ಎಂದರು ಅತ್ತೆ.

ನಮ್ಮ ದಾರಿ ಕೋಟೆಯಿಂದ ಸಂಗಮಕ್ಕೆ, ಸುಮಾರು ಐದು ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಹಳೆಯ ಬೆಂಗಳೂರು–ಮೈಸೂರು ರಸ್ತೆ ದಾಟುವಾಗ ಮಾತ್ರ ಇಳಿದು ತಳ್ಳಿಕೊಂಡು ಹೋಗುತ್ತೇವೆ. ಮುಂದೆ 1784ರಲ್ಲಿ ಕಟ್ಟಿದ ದರಿಯಾ ದೌಲತ್, ಆಮೇಲೆ ಗಂಜಾಂ, ಆಮೇಲೆ ಗುಂಬಜ್. ಪ್ರವಾಸಿಗರ ಬಸ್ಸುಗಳು ಬರುವ ಮೊದಲು ಈ ರಸ್ತೆ ನಮ್ಮಂಥವರದು. ಗುಂಬಜ್ ದಾಟಿದರೆ ಗದ್ದೆ, ಕಬ್ಬು, ತೆಂಗು. ಕೊನೆಯಲ್ಲಿ ಸಂಗಮ. ನಮ್ಮ ಊರಿನ ಮೇಲುಗಡೆ ಎರಡಾಗಿ ಒಡೆದ ಕಾವೇರಿ, ದ್ವೀಪವನ್ನು ಬಳಸಿಕೊಂಡು ಬಂದು ಇಲ್ಲಿ ಮತ್ತೆ ಒಂದಾಗುತ್ತಾಳೆ. ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಚಿತ್ರಾನ್ನ ತಿಂದು, ಫ್ಲಾಸ್ಕಿನ ಕಾಫಿ ಕುಡಿದು, ಒಂಬತ್ತಕ್ಕೆ ಮನೆ ಸೇರುತ್ತೇವೆ.

ನಡೆದೇ ಹೋಗಬಹುದಿತ್ತಲ್ಲ? ನೋಡಿದೆವು. ನಮ್ಮೂರಿನಲ್ಲಿ ನಡೆದು ಹೊರಟರೆ ಹತ್ತು ಹೆಜ್ಜೆಗೊಬ್ಬ ಪರಿಚಯದವರು, “ಏನು, ಇಬ್ಬರೂ ಎಲ್ಲಿಗೆ?” ಸೈಕಲ್ಲಾದರೆ ಒಂದು ಸಲ ಬೆಲ್ ಬಾರಿಸಿ ತಲೆಯಾಡಿಸಿದರೆ ಸಾಕು. ಇನ್ನೂ ಒಂದು ಅನುಕೂಲವಿದೆ. ಅಕ್ಕಪಕ್ಕ ಸೈಕಲ್ ತುಳಿಯುವಾಗ ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತದೆ. ಮುಖ ನೋಡಿ ಹೇಳಲಾಗದ ಮಾತು, ರಸ್ತೆ ನೋಡುತ್ತಾ ಬಾಯಿಗೆ ಬರುತ್ತದೆ.

ಹಾಗೆ ಬಂದಿದ್ದು ಮೂರನೆಯ ಭಾನುವಾರ. ಗುಂಬಜ್ ದಾಟಿ ಸ್ವಲ್ಪ ದೂರ ಹೋಗಿದ್ದೆವು. “ನಮ್ಮನ್ನ ಹೊಸೂರು ಯೂನಿಟ್‌ಗೆ ಹಾಕ್ತಾರಂತೆ ಕಣೇ. ಆಗಲ್ಲ ಅಂದ್ರೆ ಲೆಕ್ಕ ಮುಗಿಸ್ಕೊಂಡು ಹೋಗು ಅಂತಾರೆ” ಎಂದರು. ಅಷ್ಟರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ನಾನು ಹಿಂದೆ ಸರಿದೆ. ಅದು ಹಾದುಹೋಗುವವರೆಗೆ ಇವರ ಬೆನ್ನನ್ನೇ ನೋಡುತ್ತಿದ್ದೆ. ಆ ತಂಪಿನಲ್ಲೂ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಮತ್ತೆ ಪಕ್ಕಕ್ಕೆ ಬಂದು, “ರೀ, ಎಷ್ಟು ದಿನ ಆಯ್ತು ಹೇಳಿ?” ಎಂದೆ.

“ಒಂದು ತಿಂಗಳು.”

ಒಂದು ತಿಂಗಳಿಂದ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ದಿನವೂ ಡಬ್ಬಿ ಹಿಡಿದು ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಸಂಗಮದ ಮೆಟ್ಟಿಲ ಮೇಲೆ ಬೆರಳು ಮಡಿಸುತ್ತಾ ಲೆಕ್ಕ ಹಾಕಿದೆವು: ಅಲ್ಲಿ ಕೋಣೆ ಬಾಡಿಗೆ, ಮೆಸ್ಸಿನ ಊಟ, ಬಸ್ ಚಾರ್ಜು. ಎಲ್ಲರೂ ಹೋಗೋಣವೆಂದರೆ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು. ಕೆಲಸ ಬಿಡೋಣವೆಂದರೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಎಲ್ಲಿದೆ? ಅವತ್ತೇ ತೀರ್ಮಾನವಾಗಲಿಲ್ಲ. ನಾಲ್ಕು ಭಾನುವಾರ ಬೇಕಾಯಿತು. ಸಿಟ್ಟು ಬಂದಾಗ ಒಬ್ಬರು ಜೋರಾಗಿ ತುಳಿದು ಮುಂದೆ ಹೋಗುವುದು, ಮುಂದಿನ ಮರದ ಕೆಳಗೆ ನಿಂತು ಕಾಯುವುದು. ಕೊನೆಗೆ ಮಗಳ ಪರೀಕ್ಷೆ ಮುಗಿಯುವವರೆಗೆ ಇವರೊಬ್ಬರೇ ಹೋಗಿರುವುದೆಂದಾಯಿತು. ಮನೆಯಲ್ಲಿ ಇಬ್ಬರೂ ಒಂದೇ ಬಾಯಿಂದ ಹೇಳಿದ್ದರಿಂದ ಅತ್ತೆಯವರೂ ಹೆಚ್ಚು ಅಳಲಿಲ್ಲ.

ಈಗ ಇವರು ಹೊಸೂರಿನಲ್ಲಿದ್ದಾರೆ. ಶನಿವಾರ ರಾತ್ರಿ ಬರುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ಫೋನಿನಲ್ಲಿ ದಿನವೂ ಮಾತಾಗುತ್ತದೆ, ಹಾಲು, ಕರೆಂಟ್ ಬಿಲ್ಲಿನ ಮಾತು. ಉಳಿದದ್ದನ್ನು ಭಾನುವಾರಕ್ಕೆಂದು ಎತ್ತಿಟ್ಟುಕೊಂಡಿರುತ್ತೇವೆ.

ನೀವೂ ಹೊರಡುವುದಾದರೆ ಒಂದೆರಡು ಮಾತು. ಹಿಂದಿನ ದಿನವೇ ಗಾಳಿ, ಬ್ರೇಕು ನೋಡಿಕೊಳ್ಳಿ. ಸೀರೆಗಿಂತ ಚೂಡಿದಾರ್ ವಾಸಿ. ದುಪ್ಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿ. ಗಾಡಿ ಬಂದರೆ ಒಬ್ಬರ ಹಿಂದೆ ಒಬ್ಬರು. ಫೋನು ಚೀಲದಲ್ಲಿರಲಿ. ನದಿಯ ದಾರಿಯಾದರೆ ಮಳೆಗಾಲದಲ್ಲಿ ಎಚ್ಚರ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ಗೇಟು ತೆರೆದ ವಾರ ನಾವು ಗುಂಬಜ್‌ನಿಂದಲೇ ಹಿಂತಿರುಗುತ್ತೇವೆ. ಸಂಗಮವೇ ಬೇಕೆಂದಿಲ್ಲ. ಪ್ರತಿ ಊರಿಗೂ ಒಂದು ಕೆರೆ ಏರಿಯೋ, ನಾಲೆಯ ಪಕ್ಕದ ದಾರಿಯೋ ಇದ್ದೇ ಇರುತ್ತದೆ. ಮಕ್ಕಳನ್ನು ಎರಡು ಗಂಟೆ ಅಜ್ಜಿಯ ಬಳಿ ಬಿಡಿ. ಅವರು ನಗುತ್ತಾರೆ, ನಗಲಿ. ಅಪ್ಪ ಅಮ್ಮ ಸೈಕಲ್ ಹತ್ತಿ ಹೋಗಿ ನಗುನಗುತ್ತಾ ಮನೆಗೆ ಬಂದದ್ದನ್ನು ನೋಡಿದ ಮಕ್ಕಳಿಗೆ ಅದು ಮರೆಯುವುದಿಲ್ಲ.