ಹಳದಿ ಮೀನಿನ ತವರು

ಕೇರ್ನ್ಸ್‌ನಿಂದ ಹೊರಟ ಪುಟ್ಟ ವಿಮಾನ ಸುಮಾರು ಒಂದು ಗಂಟೆ ಉತ್ತರಕ್ಕೆ ಹಾರಿ ಲಿಜರ್ಡ್ ದ್ವೀಪದಲ್ಲಿ ಇಳಿಯಿತು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ನಡುವಿನ ಈ ದ್ವೀಪಕ್ಕೆ 1770ರಲ್ಲಿ ಹೆಸರಿಟ್ಟವನು ಕ್ಯಾಪ್ಟನ್ ಕುಕ್. ಉಡಗಳಿಗೆ ಇಲ್ಲಿ ಈಗಲೂ ಕೊರತೆಯಿಲ್ಲ. ನಾನು ಬಂದದ್ದು ಮಾತ್ರ ಮೀನು ನೋಡಲು.

ಕನ್ನಡಕ, ಉಸಿರುಕೊಳವೆ ತೊಟ್ಟು ನೀರಿಗೆ ಮುಖವಿಟ್ಟರೆ ನಿಂಬೆಹಣ್ಣಿನ ಬಣ್ಣದ ಪುಟ್ಟ ಡ್ಯಾಮ್ಸೆಲ್ ಮೀನುಗಳು! ಮೊಟ್ಟೆ ಇಡುವುದು ಹೆಣ್ಣು, ಕಾವಲು ಗಂಡಿನದು. ಹತ್ತಿರ ಹೋದ ನನ್ನ ಮೂಗಿಗೇ ಒಂದು ನುಗ್ಗಿ ಬಂತು. ಇಷ್ಟು ಜತನ ಮಾಡಿದ ಮೊಟ್ಟೆ ಒಡೆಯುತ್ತಲೇ ಮರಿಗಳು ಕಡಲಿನ ಪಾಲು. ಎರಡು ಮೂರು ವಾರ ತೇಲಿ, ಆಮೇಲೆ ಯಾವುದೋ ಹವಳದ ದಿಬ್ಬದಲ್ಲಿ ನೆಲೆಸುತ್ತವೆ. ಯಾವ ದಿಬ್ಬ? ಅಕ್ಕಿಕಾಳಿಗಿಂತ ಸಣ್ಣ ಮರಿಗೆ ಗುರುತುಚೀಟಿ ಕಟ್ಟುವುದಾದರೂ ಹೇಗೆ?

ಜೆಫ್ರಿ ಜೋನ್ಸ್ ಮತ್ತು ಸಂಗಡಿಗರು ಇಲ್ಲಿಯೇ ಒಂದು ಉಪಾಯ ಮಾಡಿದರು. ಮೀನಿನ ಕಿವಿಯೊಳಗೆ ಪುಟ್ಟ ಕಲ್ಲುಗಳಿರುತ್ತವೆ. ನಮ್ಮ ಕರಾವಳಿಯವರಿಗೆ ಊಟದ ತಟ್ಟೆಯಲ್ಲಿ ಇವು ಸಿಗುವುದುಂಟು. ಮೊಟ್ಟೆಗಳಿಗೆ ಟೆಟ್ರಾಸೈಕ್ಲಿನ್ ಔಷಧಿ ತಾಗಿಸಿದರೆ ಅದು ಈ ಕಲ್ಲಿನಲ್ಲಿ ಸೇರಿ, ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. (ಚಿಕ್ಕಮಕ್ಕಳ ಹಲ್ಲಿನಲ್ಲಿ ಸೇರಿ ಬಣ್ಣ ಕೆಡಿಸುತ್ತದೆಂದು ವೈದ್ಯರು ಕೊಡಲು ಹಿಂಜರಿಯುವ ಔಷಧಿಯೇ ಇದು.) ಹೀಗೆ ಒಂದು ಕೋಟಿಗೂ ಹೆಚ್ಚು ಮೊಟ್ಟೆಗಳಿಗೆ ಗುರುತು ಬಿತ್ತು. ಆಮೇಲೆ ದ್ವೀಪಕ್ಕೆ ಬಂದ 5000 ಮರಿಗಳನ್ನು ಹಿಡಿದು ಕಲ್ಲು ನೋಡಿದರು. ಹೊಳೆದದ್ದು 15!

ಇಷ್ಟೇನಾ ಎನ್ನಬೇಡಿ. ದ್ವೀಪದ ಒಟ್ಟು ಮೊಟ್ಟೆಗಳಲ್ಲಿ ಗುರುತು ಬಿದ್ದದ್ದು ನೂರಕ್ಕೆ ಅರ್ಧದಿಂದ ಎರಡು ಪಾಲು ಮಾತ್ರ. ಆ 5000 ಮರಿಗಳೂ ಇಲ್ಲೇ ಹುಟ್ಟಿದವಾಗಿದ್ದರೆ ಹೊಳೆಯಬೇಕಿದ್ದದ್ದು 25ರಿಂದ 100. ಹದಿನೈದು ಹೊಳೆದವು ಎಂದರೆ, ನೂರಕ್ಕೆ 15ರಿಂದ 60 ಮರಿಗಳು ತವರಿಗೇ ಮರಳಿರಬಹುದು.

1999ರಲ್ಲಿ ಈ ಲೆಕ್ಕ ಪ್ರಕಟವಾಗುವವರೆಗೆ, ಮರಿಗಳೆಲ್ಲ ನೀರಿನ ಸೆಳೆತಕ್ಕೆ ಸಿಕ್ಕಿ ದೂರ ಹೋಗುತ್ತವೆ ಎಂದೇ ಹೆಚ್ಚಿನವರ ನಂಬಿಕೆ. ಒಂದು ಕಡೆ ಮೀನು ಬರಿದಾದರೂ ಬೇರೆಡೆಯಿಂದ ಬಂದು ತುಂಬುತ್ತದೆ ಎಂಬ ಧೈರ್ಯ. ಬರುವವರಲ್ಲಿ ಇಷ್ಟೊಂದು ಮಂದಿ ಮನೆಮಕ್ಕಳೇ ಆದರೆ ಆ ಧೈರ್ಯ ಸಾಲದು. 2016ರ ಬಿಸಿಗೆ ಇಲ್ಲಿಯ ಹವಳ ಬಿಳುಚಿ ಬಹಳಷ್ಟು ಸತ್ತದ್ದು ನೆನಪಾಗಿ ನನಗಂತೂ ಕಳವಳವಾಯಿತು.

ಊರು ಬಿಟ್ಟು ಹೋಗುವ ಮರಿಗಳದ್ದೂ ಒಂದು ಕಥೆಯಿದೆ. ಇದೇ ರೀಫ್‌ನ ದಕ್ಷಿಣಕ್ಕಿರುವ ಕೆಪ್ಪೆಲ್ ದ್ವೀಪಗಳಲ್ಲಿ, ಜನ ತಿನ್ನುವ ಎರಡು ಜಾತಿ ಮೀನಿನ ಮರಿಗಳ ತಂದೆತಾಯಿಯನ್ನು ಡಿಎನ್‌ಎ ಮೂಲಕ ಹುಡುಕಿದ ವರದಿ 2012ರಲ್ಲಿ ಬಂತು. ಮೀನು ಹಿಡಿಯಬಾರದೆಂದು ಬಿಟ್ಟದ್ದು ಅಲ್ಲಿಯ ಹವಳದ ಜಾಗದಲ್ಲಿ ನೂರಕ್ಕೆ 28 ಪಾಲು ಮಾತ್ರ. ಸುತ್ತ 30 ಕಿ.ಮೀ. ಒಳಗೆ ನೆಲೆಸಿದ ಮರಿಗಳಲ್ಲಿ ಸುಮಾರು ಅರ್ಧದಷ್ಟು ಹುಟ್ಟಿದ್ದು ಅಲ್ಲಿಯೇ. ಗಾಳ ಹಾಕುವವರ ಜಾಗಕ್ಕೂ ಅವು ಬಂದು ಸೇರಿದ್ದವು.