ಫ್ರೀಜರಿನೊಳಗಿನ ಬಂಗುಡೆ

ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಒಂದು ಗೂಡಂಗಡಿ, ಗೂಡಂಗಡಿಯ ಎದುರು ಒಂದು ಐಸ್‌ಕ್ರೀಂ ಫ್ರೀಜರ್. ಗಾಜಿನ ಮುಚ್ಚಳ, ಮೈತುಂಬ ಕಂಪನಿಯ ಹೆಸರು, ಬದಿಯಲ್ಲಿ ಕೋನ್ ಹಿಡಿದು ನಗುವ ಸಿನಿಮಾ ನಟಿ. ಫ್ರೀಜರ್ ಕಂಪನಿಯದು, ಕರೆಂಟ್ ಬಿಲ್ಲು ಅಂಗಡಿಯಣ್ಣನದು. ಬೇರೆ ಕಂಪನಿಯ ಒಂದು ಕಪ್ಪನ್ನೂ ಅದರೊಳಗೆ ಇಡಕೂಡದೆಂದು ಕರಾರು. ಅಣ್ಣ ಮಾತಿಗೆ ತಪ್ಪಿದವನಲ್ಲ. ಬೇರೆ ಕಂಪನಿಯ ಐಸ್‌ಕ್ರೀಂ ಅಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಅವನ ಮನೆಯ ಬಂಗುಡೆ, ಹಾಲಿನ ತೊಟ್ಟೆ, ಯಾರದೋ ಮದುವೆಯಿಂದ ಬಂದ ಹೋಳಿಗೆ.

ಕಂಪನಿಯ ಸೇಲ್ಸಿನವ ಬೈಕಿನಲ್ಲಿ ಬರುವುದನ್ನು ದೂರದಿಂದಲೇ ಕಂಡು ಬಂಗುಡೆಯನ್ನು ಪಕ್ಕದ ಸೆಲೂನಿಗೆ ಸಾಗಿಸುವುದು ಅಂಗಡಿ ಹುಡುಗನ ಕೆಲಸ. ಒಂದು ದಿನ ಹುಡುಗ ರಜೆ ಹಾಕಿದ್ದ. ಸೇಲ್ಸಿನವ ಮುಚ್ಚಳ ಸರಿಸಿ, ಕೋನುಗಳ ಅಡಿಯಿಂದ ಹಿಮಗಟ್ಟಿದ ಮೀನಿನ ತೊಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು "ಇದೆಂತದಣ್ಣ?" ಎಂದ.

"ಬೇರೆ ಕಂಪನಿದಲ್ಲ ಮಾರಾಯ್ರೆ, ಮಲ್ಪೆದು" ಎಂದ ಅಣ್ಣ.

ಐಸ್‌ಕ್ರೀಂ ಕಂಪನಿಗಳು ನಮ್ಮ ನಾಲಗೆಗಾಗಿ ಕಾದಾಡುತ್ತಿವೆ ಎಂದು ಜಾಹೀರಾತು ನೋಡಿದವರಿಗೆ ಅನಿಸಬಹುದು. ಕಾದಾಟವೆಲ್ಲ ಈ ಪೆಟ್ಟಿಗೆಗಾಗಿ. ಮಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಅಂಗಿ ಮೈಗಂಟಿಸಿಕೊಂಡು ಬಸ್ಸಿಳಿದವನು ಯಾವ ಕಂಪನಿ, ಯಾವ ಹಾಲು ಎಂದು ವಿಚಾರಣೆ ನಡೆಸುವುದಿಲ್ಲ. ಕೈಗೆ ಹತ್ತಿರ ಏನು ತಣ್ಣಗಿದೆಯೋ ಅದನ್ನು ತಿನ್ನುತ್ತಾನೆ. ಆದ್ದರಿಂದ ಯಾರ ಫ್ರೀಜರ್ ಮೊದಲು ಬಂದು ಕೂತಿತೋ ಅವರದೇ ರಾಜ್ಯ.

ಫ್ರೀಜರೇ ಇಲ್ಲದೆ ರಾಜ್ಯಭಾರ ಮಾಡಿದವನೊಬ್ಬನಿದ್ದ, ನಮ್ಮ ಶಾಲೆಯ ಗೇಟಿನ ಐಸ್‌ಕ್ಯಾಂಡಿಯವನು. ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದ ಮರದ ಪೆಟ್ಟಿಗೆ, ಮುಚ್ಚಳದಡಿ ಒದ್ದೆ ಗೋಣಿ, ಅದರಡಿ ಕೆಂಪು, ಹಳದಿ, ಹಸಿರು ಕಡ್ಡಿಗಳು. ಕರಾವಳಿಯಲ್ಲಿ ಮೀನಿನವನೂ ಸೈಕಲ್ಲಿನಲ್ಲೇ ಬರುವುದರಿಂದ ಒಂದು ಅಲಿಖಿತ ಒಪ್ಪಂದವಿತ್ತು. ಪೊಂಪೊಂ ಹಾರ್ನ್ ಮೀನಿನವನದು, ಗಂಟೆ ಕ್ಯಾಂಡಿಯವನದು. ಹಾರ್ನಿಗೆ ಅಮ್ಮಂದಿರೂ ಬೆಕ್ಕುಗಳೂ ಓಡುತ್ತಿದ್ದರು, ಗಂಟೆಗೆ ನಾವು. ಅವನ ಸರಕಿಗೆ ಗಡುವಿತ್ತು. ಮಧ್ಯಾಹ್ನದ ಬೆಲ್ಲಿಗೆ ಜರ್ಬಿನಿಂದ "ಚಿಲ್ಲರೆ ಇದ್ದರೆ ಮಾತ್ರ ಬನ್ನಿ" ಎನ್ನುತ್ತಿದ್ದವನು ಸಂಜೆಯ ಬೆಲ್ಲಿನ ಹೊತ್ತಿಗೆ ಕರಗಿ ಸೊರಗಿದ ಕ್ಯಾಂಡಿಗಳನ್ನು ಒಂದರ ದುಡ್ಡಿಗೆ ಎರಡು ಕೊಡುತ್ತಿದ್ದ. 'ಬೈ ವನ್ ಗೆಟ್ ವನ್' ಎಂದು ಇಂದು ಫ್ಯಾಮಿಲಿ ಪ್ಯಾಕುಗಳ ಮೇಲೆ ಅಚ್ಚಾಗಿರುವುದನ್ನು ಕಂಡಾಗ ಅವನ ನೆನಪಾಗುತ್ತದೆ. ಅವನ ಕ್ಯಾಂಡಿಯಲ್ಲಿ ಸಕ್ಕರೆಯ ಬದಲು ಸ್ಯಾಕರಿನ್ ಇರುತ್ತದೆಂದು ಮೇಷ್ಟ್ರೂ, ಗಟಾರದ ನೀರಿರುತ್ತದೆಂದು ದೊಡ್ಡಮ್ಮನೂ ಪ್ರಚಾರ ಮಾಡಿದರು. ಇಷ್ಟು ಪ್ರಚಾರ ಯಾವ ಕಂಪನಿಗೂ ಪುಕ್ಕಟೆ ಸಿಕ್ಕಿರಲಾರದು. ಕ್ಯಾಂಡಿಯ ಕೆಂಪು ಮಾತ್ರ ನಾಲಗೆಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಮನೆಗೆ ಹೋಗುವ ಮೊದಲು ಅದನ್ನು ಅಂಗಿಯ ತೋಳಿಗೆ ಉಜ್ಜಿಕೊಂಡು, ತೋಳಿಗಾಗಿ ಪೆಟ್ಟು ತಿನ್ನುತ್ತಿದ್ದೆವು.

ಹಾಗೆಂದು ಪಾರ್ಲರುಗಳ ಮೇಲೆ ನನಗೆ ಸಿಟ್ಟಿಲ್ಲ. ಕರಾವಳಿಯಲ್ಲಿ ಹುಟ್ಟಿ ಪಾರ್ಲರಿನ ಮೇಲೆ ಸಿಟ್ಟು ಮಾಡಿಕೊಂಡರೆ ಊರಿನಲ್ಲಿ ಬಾಳ್ವೆ ಕಷ್ಟ. ಪ್ರಭಾಕರ ಕಾಮತರು ಮಂಗಳೂರಿನ ಮಾರ್ಕೆಟ್ ರಸ್ತೆಯಲ್ಲಿ 1975ರಲ್ಲಿ ಐಡಿಯಲ್ ಶುರು ಮಾಡಿದ ಮೇಲೆ ನಮ್ಮಲ್ಲಿ ಪರೀಕ್ಷೆ ಪಾಸಾದುದಕ್ಕೂ ಹೆಣ್ಣು ನೋಡಿ ಒಪ್ಪಿದ್ದಕ್ಕೂ ಐಸ್‌ಕ್ರೀಮೇ ಮುದ್ರೆ. ಅವರದೇ ಇನ್ನೊಂದು ಮಳಿಗೆ ಪಬ್ಬಾಸ್. ಎರಡರಲ್ಲಿ ಯಾವುದರ ರುಚಿ ಹೆಚ್ಚೆಂದು ಜಗಳಾಡುವ ಭಾವಂದಿರನ್ನು ಕಂಡಿದ್ದೇನೆ. ಗಲ್ಲಾ ಒಂದೇ ಮನೆಯದೆಂದು ಹೇಳಿದರೂ ಅವರು ಕೇಳುವುದಿಲ್ಲ. ಇನ್ನು ಗಡ್‌ಬಡ್‌ನ ವಿಚಾರ ಎತ್ತದಿರುವುದು ಲೇಸು. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣಿನ ಹೋಳು, ಬಗೆಬಗೆಯ ಐಸ್‌ಕ್ರೀಂ, ಗೋಡಂಬಿ ಎಂದು ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಅದು ತಮ್ಮ ಡಯಾನಾ ಹೋಟೆಲಿನ ಕೂಸು ಎಂದು ಉಡುಪಿಯವರು ಪಟ್ಟು ಹಿಡಿಯುತ್ತಾರೆ. ಮಂಗಳೂರಿನವರು "ಇರಬಹುದು, ಆದರೆ ತಿನ್ನಬೇಕಾದ್ದು ಇಲ್ಲಿ" ಎನ್ನುತ್ತಾರೆ. ಉದ್ದನೆಯ ಚಮಚ ತಳದ ಜೆಲ್ಲಿ ಮುಟ್ಟುವವರೆಗೆ ಎರಡೂ ಕಡೆಯವರು ಸುಮ್ಮನಿರುತ್ತಾರೆ.

ಪೈಪೋಟಿಯ ಪಟ್ಟುಗಳನ್ನು ಕಲಿಯಬೇಕಾದರೆ ಮೂಲ್ಕಿಯ ಕಡೆ ನೋಡಬೇಕು. ಅಲ್ಲಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದಾಗ ಐಸ್‌ಕ್ರೀಮೊಂದನ್ನೇ ನಂಬದೆ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದು ಬಾಯಿ ಉರಿದವನು ತಾನಾಗಿಯೇ ತಂಪಿನ ಕಡೆ ತಿರುಗಿದ. ಜನ ಐಸ್‌ಕ್ರೀಮಿಗೇ ಬರತೊಡಗಿದ ಮೇಲೆ ಪಾವ್‌ಭಾಜಿಗೆ ವಿದಾಯ. ಉಳಿದವರು ಬಣ್ಣ, ಎಸೆನ್ಸ್ ಹುಡುಕುತ್ತಿದ್ದಾಗ ಅವರು ಸೀತಾಫಲದ ಬೀಜ ಬಿಡಿಸಲು, ಬೊಂಡದ ತಿರುಳು ತೆಗೆಯಲು ಹೊರಟರು. ಹಣ್ಣಿನಂಗಡಿಯಲ್ಲಿ ಬೆಳೆದವನ ಕಣ್ಣಿಗೆ ಮಾತ್ರ ಕಾಣುವ ದಾರಿ ಅದು.

ಬೆಂಗಳೂರಿನ ಕತೆ ಬೇರೆ. ಅಲ್ಲಿ 1982ರಲ್ಲಿ ಶುರುವಾದ ಕಾರ್ನರ್ ಹೌಸಿನ 'ಡೆತ್ ಬೈ ಚಾಕಲೇಟ್' ಎದುರು ಕೂತು ಜನ ನಗುನಗುತ್ತಾ ಸಾಯುತ್ತಿರುತ್ತಾರೆ. ಅಮೆರಿಕದ ಭಾವ-ಮೈದುನ ಜೋಡಿ ಕಟ್ಟಿದ ಬಾಸ್ಕಿನ್ ರಾಬಿನ್ಸ್ ಭಾರತಕ್ಕೆ ಬಂದದ್ದು 1993ರಲ್ಲಿ. ತಿಂಗಳ ದಿನಕ್ಕೊಂದರಂತೆ 31 ರುಚಿಗಳೆಂಬುದು ಅದರ ಹೆಗ್ಗಳಿಕೆ. ತಮ್ಮನ ಸಂಸಾರದೊಡನೆ ಹೋದಾಗ ಪುಟಾಣಿ ಗುಲಾಬಿ ಚಮಚದಲ್ಲಿ ಎಲ್ಲರೂ ಅದು, ಇದು ಎಂದು ಪುಕ್ಕಟೆ ರುಚಿ ನೋಡಿ, ಕೌಂಟರಿನ ಹುಡುಗಿಯ ತಾಳ್ಮೆ ಪರೀಕ್ಷಿಸಿ, ಕೊನೆಗೆ ಒಮ್ಮತದಿಂದ ಬಟರ್‌ಸ್ಕಾಚ್ ಎಂದೆವು.

ದೊಡ್ಡವರ ಜಗಳ ಕೋರ್ಟಿಗೂ ಏರುತ್ತದೆ. ಡಾಲ್ಡಾದ ಬಗೆಯ ವನಸ್ಪತಿ ಕೊಬ್ಬಿನದು ಐಸ್‌ಕ್ರೀಮಲ್ಲ, ಫ್ರೋಜನ್ ಡೆಸರ್ಟ್ ಎಂದು ಅಮುಲ್ 2017ರಲ್ಲಿ ಜಾಹೀರಾತು ಹಾಕಿದಾಗ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದಿತು. ಆಮೇಲೆ ನಾನೂ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದತೊಡಗಿದೆ. ಓದಿದಷ್ಟೂ ಸುಖ ಕಡಿಮೆ. ಐಸ್‌ಕ್ರೀಂ ಮಾರುವುದು ಲೀಟರಿನ ಲೆಕ್ಕದಲ್ಲಿ, ಕಡೆಯುವಾಗ ಅದರೊಳಗೆ ಗಾಳಿ ತುಂಬುತ್ತಾರೆ. ಲೀಟರಿಗೆ 525 ಗ್ರಾಂ ತೂಗಿದರೆ ಕಾನೂನಿಗೆ ಸಾಕು. ಮಿಕ್ಕ ಗಾಳಿಯನ್ನು ನಾವು ಮನೆಗೆ ಹೊತ್ತು, ಫ್ರಿಜ್ಜಿನಲ್ಲಿಟ್ಟು, ನೆಂಟರಿಗೆ ಬಡಿಸುತ್ತೇವೆ.

ನಮ್ಮ ಕಡೆ ಕಟ್ಟಕಡೆಯ ತೀರ್ಪು ಬರುವುದು ಮದುವೆ ಊಟದಲ್ಲಿ. ಎಲೆಯ ತುದಿಗೆ ಐಸ್‌ಕ್ರೀಂ ಕಪ್ಪು ಬಂದೊಡನೆ ಎಲ್ಲರೂ ಮೊದಲು ಮುಚ್ಚಳ ಓದುತ್ತಾರೆ. ಹೆಣ್ಣಿನ ತಂದೆಯ ಕೈ ಎಷ್ಟು ಧಾರಾಳವೆಂಬುದು ಅಲ್ಲಿ ಅಚ್ಚಾಗಿರುತ್ತದೆ. ಇತ್ತೀಚೆಗೆ ಕಪ್ಪೂ ಹಳತಾಯಿತು. ಹೋದ ಬೇಸಿಗೆಯ ಒಂದು ಮದುವೆಯಲ್ಲಿ ಸಭಾಭವನದ ಹೊರಗೆ ಸಾಲಾಗಿ ಕೌಂಟರುಗಳಿದ್ದವು. ಒಂದರಲ್ಲಿ ಟೋಪಿ ಹಾಕಿದ ಹುಡುಗ ತಣ್ಣನೆಯ ತಟ್ಟೆಯ ಮೇಲೆ ಹಾಲು ಹರಡಿ, ಕೆರೆದು, ಚಾಪೆಯಂತೆ ಸುರುಳಿ ಸುತ್ತುತ್ತಿದ್ದ. ಅವನೆದುರು ನಾಲ್ಕು ಜನ. ಉದ್ದದ ಸಾಲು ಕೊನೆಯ ಕೌಂಟರಿನಲ್ಲಿ. ಅಲ್ಲಿ ಬಣ್ಣ ಬಳಿದ ಹಳೆಯ ಸೈಕಲ್, ಮರದ ಪೆಟ್ಟಿಗೆ, ಗಂಟೆ. ಪ್ಲೇಟಿನ ಲೆಕ್ಕದಲ್ಲಿ ಕೇಟರಿಂಗಿನವರಿಗೆ ದುಡ್ಡು. ಸಾಲಿನ ಮುಂದೆ ರೇಷ್ಮೆಸೀರೆಯಲ್ಲಿ ನಮ್ಮ ದೊಡ್ಡಮ್ಮ, ಕೈಯಲ್ಲಿ ಕೆಂಪು ಕ್ಯಾಂಡಿ, ತುಟಿಯೆಲ್ಲ ಕೆಂಪು.

"ದೊಡ್ಡಮ್ಮ, ಗಟಾರದ ನೀರು!" ಎಂದೆ.

"ಹೋಗೋ, ಇದು ಬಿಸ್ಲೇರಿದಂತೆ. ಹಳದಿ ಮುಗಿಯುವ ಮೊದಲು ನೀನೊಂದು ತಗೊಂಡು ನನಗೆ ಕೊಡು. ನನ್ನ ಮುಖ ನೋಡಿದ್ದಾನೆ ಅವನು, ಇನ್ನೊಂದು ಕೊಡುವುದಿಲ್ಲ" ಎಂದರು.