ಚಾಟನಿ, ಚರಗ, ಕಡಲ ಹಕ್ಕಿ

ಅಕ್ಟೋಬರ್ ಬಂತೆಂದರೆ ಅಥಣಿ ತಾಲ್ಲೂಕಿನಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ತೆಲಸಂಗ, ಐಗಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಚಾಟನಿ ನಡೆದಿರುತ್ತದೆ. ಬಳ್ಳಿಗೆ ಕತ್ತರಿ ಆಡಿಸಿದ ದಿನದಿಂದಲೇ ಲೆಕ್ಕ ಶುರು: ಎಷ್ಟನೇ ದಿನಕ್ಕೆ ಚಿಗುರು, ಎಷ್ಟನೇ ದಿನಕ್ಕೆ ಔಷಧ, ಯಾವಾಗ ಹೂವು. ಎರಿ ಹೊಲದವರು ಹಿಂಗಾರಿ ಜೋಳ ಬಿತ್ತಲು ಹದ ಕಾಯುತ್ತಿರುತ್ತಾರೆ. ಕೃಷ್ಣೆಯ ದಂಡೆಗುಂಟ ಕಬ್ಬು ಎದೆ ಮೀರಿ ಬೆಳೆದು ನಿಂತಿರುತ್ತದೆ; ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಹೊತ್ತಿಸುವ ತಯಾರಿ. ಇಂಥ ತಿಂಗಳಲ್ಲೇ ಹಕ್ಕಿ ನೋಡಲು ಕಡಲಿಗೆ ಹೋಗಬೇಕೆಂದು ಒಬ್ಬ ದ್ರಾಕ್ಷಿ ಬೆಳೆಗಾರರು ಮತ್ತು ಅವರ ಗೆಳೆಯರಾದ ಒಬ್ಬ ಶಾಲೆ ಮಾಸ್ತರರು ಕೂತು ಮಾತಾಡುತ್ತಿದ್ದಾರೆ.

"ಸರ, ಡಿಸೆಂಬರದಾಗ ಹೋದ್ರ ಆಗೂದಿಲ್ಲೇನ್ರಿ? ಆವಾಗ ತ್ವಾಟದಾಗ ಜರಾ ಪುರಸತ್ತ ಇರತೈತಿ."

"ಹೋಗಾಕ ಬರತೈತ್ರಿ ಗೌಡ್ರ. ಆದ್ರ ಆವಾಗ ಎಲ್ಲಾ ಹಕ್ಕೀನೂ ಬೂದಿ ಬಣ್ಣಕ್ಕ ಬಂದಿರ್ತಾವ. ಬಣ್ಣ ನೋಡಬೇಕಂದ್ರ ಈಗ ಹೋಗಬೇಕು."

ಮಾಸ್ತರರ ಮಾತು ನಿಜ. ಕಡಲ ದಂಡೆಯ ವಲಸೆ ಹಕ್ಕಿ ಅಂದರೆ ಚಳಿಗಾಲದ ಸಂಗತಿ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಸ್ಯಾಂಡ್‌ಪೈಪರ್, ಪ್ಲೋವರ್ ಜಾತಿಯ ಹಕ್ಕಿಗಳು ಆಗಸ್ಟ್ ಕೊನೆಗೇ ಪಶ್ಚಿಮ ಕರಾವಳಿಗೆ ಇಳಿಯತೊಡಗುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅವುಗಳ ಮೈಮೇಲೆ ಬಸಿರು-ಬಾಣಂತನದ ಕಾಲದ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿರುತ್ತದೆ. ಸೈಬೀರಿಯದ ಉತ್ತರದ ಬಯಲಿನಲ್ಲಿ ಮರಿ ಮಾಡಿ ಬಂದ ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಎದೆಯಲ್ಲಿ ಇಟ್ಟಿಗೆ ಕೆಂಪಿನ ತೇಪೆಗಳು. ಗೋಲ್ಡನ್ ಪ್ಲೋವರ್‌ನ ಹೊಟ್ಟೆಯಲ್ಲಿ ಕಪ್ಪಿನ ಕಲೆಗಳು. ಡಿಸೆಂಬರ್ ಹೊತ್ತಿಗೆ ಇವೆಲ್ಲ ಪುಕ್ಕ ಬದಲಿಸಿ ಒಂದೇ ಮಾಸಲು ಬಣ್ಣಕ್ಕೆ ತಿರುಗುತ್ತವೆ. ಹೊಸಬರಿಗೆ ಆಗ ಯಾವುದು ಯಾವುದೆಂದು ಗುರುತು ಹಿಡಿಯುವುದೇ ಕಷ್ಟ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಶರದೃತುವಿನಲ್ಲಿ ಬರುವ ಹಕ್ಕಿಗಳಲ್ಲಿ ಆ ವರ್ಷವೇ ಹುಟ್ಟಿದ ಮರಿಗಳಿರುತ್ತವೆ. ಉತ್ತರ ಧ್ರುವದ ಹತ್ತಿರ ಮರಿ ಮಾಡುವ ಎಷ್ಟೋ ಜಾತಿಗಳಲ್ಲಿ ದೊಡ್ಡವು ಮೊದಲು ಹೊರಟುಬಿಡುತ್ತವೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ನಲ್ಲಂತೂ ಮೊದಲು ಗಂಡು, ಆಮೇಲೆ ಹೆಣ್ಣು, ಎಲ್ಲಕ್ಕಿಂತ ಕೊನೆಗೆ ಮರಿ. ಜೂನ್-ಜುಲೈನಲ್ಲಿ ತತ್ತಿಯೊಡೆದ ಮರಿ ಕೆಲವು ವಾರ ತಿಂದು ಕೊಬ್ಬಿ, ದಾರಿ ತೋರಿಸುವ ಹಿರಿಯರಿಲ್ಲದೆ, ಎಂದೂ ಕಾಣದ ದಕ್ಷಿಣದ ಕಡಲಿಗೆ ಹಾರುತ್ತದೆ. 2022ರ ಅಕ್ಟೋಬರ್‌ನಲ್ಲಿ, ಹುಟ್ಟಿ ಐದು ತಿಂಗಳಷ್ಟೇ ಆಗಿದ್ದ ಒಂದು ಬಾರ್-ಟೇಲ್ಡ್ ಗಾಡ್ವಿಟ್, ಬೆನ್ನಿಗೆ ಕಟ್ಟಿದ್ದ ಉಪಗ್ರಹ ಯಂತ್ರ ಹೊತ್ತು ಅಲಾಸ್ಕಾದಿಂದ ಟಾಸ್ಮೇನಿಯಾದವರೆಗೆ 13,560 ಕಿಲೋಮೀಟರ್ ದೂರವನ್ನು ಹನ್ನೊಂದು ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿತು. ಅದೇ ಜಾತಿಯ ಹಕ್ಕಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲೂ ಇಳಿಯುತ್ತವೆ. ಅಥಣಿಯ ಈ ಪಯಣದಲ್ಲಿ ಕಡಲನ್ನು ಒಮ್ಮೆಯೂ ನೋಡದ ಇಬ್ಬರು ಮಕ್ಕಳೂ ಇದ್ದಾರೆ. ಅವರು ಮೊದಲ ಸಲ ತೆರೆ ನೋಡುವ ಹೊತ್ತಿಗೆ, ಎದುರಿನ ಕೆಸರಿನಲ್ಲಿ ಓಡಾಡುವ ಎಳೆಯ ಹಕ್ಕಿಗಳೂ ಆ ದಂಡೆಗೆ ಅಷ್ಟೇ ಹೊಸಬರು. ಅಕ್ಟೋಬರ್ ಬಿಟ್ಟುಕೊಡಬಾರದು ಎನ್ನುವುದಕ್ಕೆ ಇಷ್ಟು ಸಾಕು.

"ಆತು, ಹಂಗಾದ್ರ ತಾರೀಖ ಹೇಳ್ರಿ."

"ತಾರೀಖ ನಾ ಹೇಳೂದಲ್ರಿ, ನೀರು ಹೇಳಬೇಕು."

ರವಿವಾರ ನೋಡಿ ಕಡಲಿಗೆ ಹೋಗುವವರು ಬಹಳ. ಹಕ್ಕಿ ನೋಡುವವರು ಭರತ-ಇಳಿತ ನೋಡಿ ಹೋಗಬೇಕು. ದಿನಕ್ಕೆರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿಕೆಗೂ ನಡುವೆ ಆರು ತಾಸಿಗೆ ಸ್ವಲ್ಪ ಹೆಚ್ಚು. ಮರುದಿನ ಅದೇ ಇಳಿತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಬಂದು ಹೋದ ಒಂದೆರಡು ದಿನಗಳಲ್ಲಿ ಏರಿಳಿತ ಅತಿ ದೊಡ್ಡದು. ಅಷ್ಟಮಿಯ ಹಿಂದೆಮುಂದೆ ಅತಿ ಸಣ್ಣದು. ಕಾರವಾರದ ಕಡೆ ಹುಣ್ಣಿಮೆಯ ದಿನ ನೀರು ಸುಮಾರಾಗಿ ನಸುಕಿನ ಐದರ ಹೊತ್ತಿಗೆ ತಳಕ್ಕೆ ಹೋಗಿ, ಹನ್ನೊಂದರ ಸುಮಾರಿಗೆ ತುಂಬುತ್ತದೆ. ಬಿದಿಗೆಗೆ ಈ ಇಳಿತದ ಹೊತ್ತು ಇನ್ನೂ ಮುಂದೆ ಸರಿದು, ಬೆಳಕು ಹರಿಯುವ ಹೊತ್ತಿಗೆ ಕೆಸರು ಪೂರ್ತಿ ಬಯಲಾಗಿರುತ್ತದೆ. ಅಂದರೆ ಸೂರ್ಯ ಹುಟ್ಟಿದ ಮೇಲೆ ನೀರು ನಿಧಾನಕ್ಕೆ ಏರತೊಡಗುತ್ತದೆ, ಕೆಸರಿನ ಬಯಲು ಕಿರಿದಾಗುತ್ತ ಬರುತ್ತದೆ, ದೂರ ಚದುರಿದ್ದ ಹಕ್ಕಿಗಳೆಲ್ಲ ತಾವಾಗಿಯೇ ದಂಡೆಯ ಕಡೆ, ನೋಡುವವರ ಕಡೆ, ಸರಿಯುತ್ತವೆ. ಬೆಳಗಿನ ಬಿಸಿಲು, ಹತ್ತಿರದ ಹಕ್ಕಿ. ಹಕ್ಕಿ ನೋಡುವವರಿಗೆ ಇನ್ನೇನು ಬೇಕು?

ಈ ಲೆಕ್ಕಕ್ಕೆ ಬೇಕಾದ ಕಾಗದ ಅಥಣಿಯ ಪ್ರತಿ ಮನೆಯ ಗೋಡೆಯ ಮೇಲೆ ನೇತಾಡುತ್ತಿದೆ. ಶಾಬಾದಿಮಠದ ಕ್ಯಾಲೆಂಡರೋ ಕಾಲನಿರ್ಣಯವೋ, ಯಾವುದಾದರೂ ಸರಿ, ತಿಥಿ ಇದ್ದರಾಯಿತು. ಖಚಿತ ಗಂಟೆ-ನಿಮಿಷಕ್ಕೆ ಸರ್ವೆ ಆಫ್ ಇಂಡಿಯಾದ ಭರತ-ಇಳಿತದ ಕೋಷ್ಟಕವಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ. ಶೀಗಿ ಹುಣ್ಣಿಮೆ ಬರುವುದೂ ಇದೇ ಋತುವಿನಲ್ಲಿ. ಆ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲದೆ ರೈತ ಊರು ಬಿಡುವಂತಿಲ್ಲ. ಬಿಡಬೇಕಾಗಿಯೂ ಇಲ್ಲ. ಹುಣ್ಣಿಮೆಗೆ ಚರಗ ಮುಗಿಸಿ, ಪಾಡ್ಯದ ನಸುಕಿಗೆ ಗಾಡಿ ಹತ್ತಿದರೆ ಬಿದಿಗೆಯ ಬೆಳಗು ಕಡಲ ದಂಡೆಯಲ್ಲಿ. ಹೊಲದ ಹಬ್ಬವೂ ನೀರಿನ ಸಮಯವೂ ಇಷ್ಟು ಚೆನ್ನಾಗಿ ಕೂಡಿ ಬಂದಾಗ ಮಾಸ್ತರರು ಕ್ಯಾಲೆಂಡರಿನ ಆ ಚೌಕದ ಸುತ್ತ ಪೆನ್ನಿನಿಂದ ಗೆರೆ ಎಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಎಲ್ಲಿಗೆ? ಕಾಳಿ ನದಿ ಕಡಲು ಸೇರುವ ಕಾರವಾರ ಮೊದಲ ತಂಗುದಾಣ. ಅಲ್ಲಿ ಕೋಡಿಬಾಗ, ಸದಾಶಿವಗಡದ ಸುತ್ತ ಕಾಂಡ್ಲಾ ಗಿಡಗಳ ನಡುವೆ ಕಪ್ಪು ತಲೆಯ ಮಿಂಚುಳ್ಳಿ, ಮೇಲೆ ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು. ಆದರೆ ಮುಖ್ಯ ಜಾಗ ಇನ್ನೂ ದಕ್ಷಿಣಕ್ಕೆ, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಮುಟ್ಟುವ ನದಿ ಅದು. 2024ರ ಆರಂಭದಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಅದರೊಟ್ಟಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ಹೊಸಪೇಟೆ ಕಡೆಯ ಅಂಕಸಮುದ್ರ ಕೂಡ. ಹಿಂದೆ ಈ ಅಳಿವೆಯ ದಂಡೆಯ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು. ಅದು ನಿಂತದ್ದು ಮೀನಿನ, ಬಳಚಿನ, ಹಕ್ಕಿಯ ಪುಣ್ಯ, ಮತ್ತು ಅದನ್ನು ಬೇಡವೆಂದು ನಿಂತ ಅಲ್ಲಿನ ಜನರ ಗಟ್ಟಿತನ.

ಇಳಿತದ ಹೊತ್ತಿಗೆ ಆ ಅಳಿವೆಯ ಕೆಸರಿಗೆ ಮೊದಲು ಇಳಿಯುವವರು ಮನುಷ್ಯರೇ. ಹೆಂಗಸರು, ಗಂಡಸರು ಮೊಣಕಾಲುದ್ದ ನೀರಿನಲ್ಲಿ ಬಳಚು ಆಯುತ್ತಾರೆ. ಅವರಿಂದ ತುಸು ದೂರದಲ್ಲಿ ಅದೇ ಕೆಸರಿನಲ್ಲಿ ಕರ್ಲ್ಯೂ ತನ್ನ ಬಾಗಿದ, ಗೇಣುದ್ದದ ಹತ್ತಿರದ ಕೊಕ್ಕನ್ನು ಬುಡದವರೆಗೆ ಇಳಿಸಿ ತಿರುವುತ್ತದೆ. ಏಡಿ ಸಿಕ್ಕರೆ ಹಾಗೇ ನುಂಗುವುದಿಲ್ಲ. ಎತ್ತಿ ಝಾಡಿಸಿ, ಕಾಲು ಒಂದೊಂದೇ ಕಳಚಿ ಬೀಳುವಂತೆ ಮಾಡಿ, ಉಳಿದ ಗುಂಡು ಮೈಯನ್ನು ಮೇಲಕ್ಕೆಸೆದು ಗುಳುಂ ಮಾಡುತ್ತದೆ. ಅದರ ಕಾಲ ಬುಡದಲ್ಲೇ ಇಪ್ಪತ್ತೈದು ಗ್ರಾಂ ತೂಗುವ ಲಿಟ್ಲ್ ಸ್ಟಿಂಟ್, ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿನ ಮೇಲ್ಪದರ ಕುಟ್ಟುತ್ತ ಹೋಗುತ್ತದೆ. ಟಿಬೆಟ್ಟಿನ ಎತ್ತರದಿಂದ ಬರುವ ಸ್ಯಾಂಡ್ ಪ್ಲೋವರ್‌ನ ರೀತಿಯೇ ಬೇರೆ. ಅದು ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ನೋಡುತ್ತದೆ, ಬಗ್ಗಿ ಕುಕ್ಕುತ್ತದೆ, ಮತ್ತೆ ಓಟ. ಕೊಕ್ಕಿನ ಉದ್ದ ಬೇರೆ ಬೇರೆಯಾದ್ದರಿಂದ ಒಂದೇ ಕೆಸರಿನಲ್ಲಿ ಇವೆಲ್ಲಕ್ಕೂ ಊಟವಿದೆ: ಮೇಲಿನ ಪದರ ಒಂದಕ್ಕೆ, ಆಳದ್ದು ಇನ್ನೊಂದಕ್ಕೆ.

ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಕೊಯ್ಲಿಗೆ ಬರುವುದೂ ಈ ದಿನಗಳಲ್ಲೇ. ಕೊಯ್ದ ಮೇಲೆ ಕೂಳೆಯ ನಡುವಿನ ನೀರಿಗೆ ಮೀನು, ಸಿಗಡಿ, ಅವುಗಳ ಹಿಂದೆ ಬೆಳ್ಳಕ್ಕಿ ಹಿಂಡು. ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರೆ ಅಲ್ಲಿ ಒಂದು ತಾಸು ನಿಂತರೂ ನಷ್ಟವಿಲ್ಲ. ಬಲೆ ದಡಕ್ಕೆ ಬರುವಷ್ಟರಲ್ಲಿ ರೀವಗಳು, ಲಡಾಖ್-ಟಿಬೆಟ್ಟಿನ ಸರೋವರಗಳಲ್ಲಿ ಮರಿ ಮಾಡಿ ಬಂದ ಕಂದು ತಲೆಯ ಕಡಲಕ್ಕಿಗಳು, ಗರುಡ, ಎಲ್ಲವೂ ಹಾಜರಾಗಿರುತ್ತವೆ.

ಅಥಣಿಯಿಂದ ಕಾರವಾರಕ್ಕೆ ಸುಮಾರು ಮುನ್ನೂರು ಕಿಲೋಮೀಟರ್. ಚಿಕ್ಕೋಡಿ, ಬೆಳಗಾವಿ, ಖಾನಾಪುರ ದಾಟಿ ಜೋಯಿಡಾ ಮೇಲೆ ಅಣಶಿ ಘಾಟ್ ಇಳಿಯುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಹಾಯುತ್ತದೆ. ಗಣೇಶಗುಡಿಯಲ್ಲಿ ಸ್ವಲ್ಪ ನಿಂತರೆ ಮಂಗಟ್ಟೆ ಕಾಣಬಹುದು. ರೈಲೇ ಬೇಕೆನ್ನುವವರಿಗೆ ಕುಡಚಿಯಲ್ಲಿ ಹತ್ತಿ ಲೋಂಡಾ, ಅಲ್ಲಿಂದ ದೂಧಸಾಗರದ ಮೇಲಿಂದ ಗೋವೆ, ಮುಂದೆ ಕೊಂಕಣ ರೈಲು. ಚಂದದ ದಾರಿ, ಆದರೆ ಗಾಡಿ ಬದಲಿಸುತ್ತ ಕೂತರೆ ನೀರಿನ ಸಮಯ ಕೈ ತಪ್ಪುತ್ತದೆ.

ಈ ದಾರಿಯ ಎರಡೂ ತುದಿಗಳ ಹಕ್ಕಿಗಳನ್ನು ನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟವರಿದ್ದಾರೆ. ಬೆಳಗಾವಿಯ ದಂಡಿನಲ್ಲಿದ್ದ ಇ.ಎ. ಬಟ್ಲರ್, ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ ಎ.ಒ. ಹ್ಯೂಮ್‌ರ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉತ್ತರ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್, ಆ ಜಿಲ್ಲೆಯ ಹಕ್ಕಿಗಳ ಬಗ್ಗೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅವರು ಬಂದೂಕು ಹಿಡಿದು ಹಕ್ಕಿ ಗುರುತಿಸಿದ ಕಾಲದವರು. ಈಗ ಹಳ್ಳಿಯ ಹುಡುಗನೂ ಮೊಬೈಲಿನ ಇ-ಬರ್ಡ್‌ನಲ್ಲಿ ತಾನು ಕಂಡದ್ದನ್ನು ದಾಖಲಿಸಬಲ್ಲ, ಒಂದು ಗರಿಯನ್ನೂ ಕೆಡಿಸದೆ. ಇದು ಸಣ್ಣ ಮಾತಲ್ಲ.

ಕಡಲಿಗೆ ಹೋಗುವ ಮೊದಲು ಕಣ್ಣು ಪಳಗಿಸಬೇಕಾದದ್ದು ಮನೆಯ ಹತ್ತಿರವೇ. ನೂರು ಬೂದಿ ಹಕ್ಕಿಗಳ ಮುಂದೆ ಏಕಾಏಕಿ ನಿಂತರೆ ಯಾರಿಗಾದರೂ ತಲೆ ತಿರುಗುತ್ತದೆ. ಕೃಷ್ಣೆಯ ದಂಡೆಯ ಕೆಸರಿಗೆ ಕಾಮನ್ ಸ್ಯಾಂಡ್‌ಪೈಪರ್ ಆಗಸ್ಟ್‌ನಲ್ಲೇ ಬಂದು ಬಾಲ ಕುಣಿಸುತ್ತಿರುತ್ತದೆ. ಕೆರೆ ಅಂಚಿಗೆ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್ ಇಳಿಯುತ್ತವೆ. ಸಜ್ಜೆ ಹೊಲಕ್ಕೆ ಮಧ್ಯ ಏಷ್ಯಾದಿಂದ ಗುಲಾಬಿ ಮೈನಾಗಳು ಗುಂಪು ಗುಂಪಾಗಿ ಬೀಳುತ್ತವೆ. ಕವಣೆ ಬೀಸುವ ರೈತನಿಗೆ ಅವು ಗೊತ್ತಿರುವಷ್ಟು ಚೆನ್ನಾಗಿ ಪುಸ್ತಕದವರಿಗೂ ಗೊತ್ತಿರಲಿಕ್ಕಿಲ್ಲ. ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ಕರ್ಕರ ಕೊಕ್ಕರೆಗಳು ಬರುವ ಜಾಗ. ಒಂದು ರವಿವಾರ ಅಲ್ಲಿ ಕಾಲಿನ ಬಣ್ಣ, ಹುಬ್ಬಿನ ಗೆರೆ, ಹಾರುವಾಗ ರೆಕ್ಕೆಯ ಪಟ್ಟೆ ನೋಡುವುದನ್ನು ಮಕ್ಕಳಿಗೆ ರೂಢಿ ಮಾಡಿಸಿದರೆ, ಅಘನಾಶಿನಿಯಲ್ಲಿ ಅರ್ಧ ಕೆಲಸ ಹಗುರ.

ಸಾಮಾನಿನ ಪಟ್ಟಿ ದೊಡ್ಡದಿಲ್ಲ. ಎಂಟು-ನಲವತ್ತೆರಡರ ಬೈನಾಕ್ಯುಲರ್, ಸ್ಟ್ಯಾಂಡಿನ ಮೇಲೆ ಕೂರಿಸುವ ಒಂದು ಸ್ಕೋಪ್, ಸಲೀಂ ಅಲಿಯವರ ಪುಸ್ತಕ, ಮಕ್ಕಳಿಗೆ ಓದಲು ತೇಜಸ್ವಿಯವರ 'ಹಕ್ಕಿ ಪುಕ್ಕ'. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕಾಲಿಗೆ ಮಾತ್ರ ಊರಿನ ಹೆಮ್ಮೆಯ ಚಪ್ಪಲಿ ಬೇಡ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಒಣ ನೆಲಕ್ಕಾಗಿ ಹದ ಮಾಡಿದ ಚರ್ಮದಲ್ಲಿ ಹೊಲಿಯುತ್ತಾರೆ. ಉಪ್ಪುನೀರಿನ ಕೆಸರು ತಾಗಿದರೆ ಒಂದೇ ದಿನಕ್ಕೆ ಕೆಡುತ್ತದೆ. ಅಲ್ಲಿಗೆ ರಬ್ಬರಿನದೇ ಸರಿ.

ಮಕ್ಕಳಿಗೆ ಮೊದಲೇ ಹೇಳಿಟ್ಟಿರಬೇಕಾದ ಒಂದು ಮಾತಿದೆ: ಗುಂಪಾಗಿ ಕೂತ ಹಕ್ಕಿಗಳ ಕಡೆ ಓಡಬಾರದು. ಭರತದ ಹೊತ್ತಿಗೆ ಊಟ ನಿಂತು ಅವು ಒಂದೆಡೆ ವಿಶ್ರಮಿಸುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಮೈಯ ಕೊಬ್ಬೆಲ್ಲ ಕರಗಿಸಿಕೊಂಡು ಬಂದ ಹಕ್ಕಿಯನ್ನು ಒಂದು ಫೋಟೊಗಾಗಿ ಮತ್ತೆ ಮತ್ತೆ ಎಬ್ಬಿಸುವುದು ಅನ್ಯಾಯ. ಡ್ರೋನ್ ತರುವವರಿಗೂ ಇದೇ ಮಾತು.

ಚಿತ್ತಿ ಮಳೆ ಜೋರಾದರೆ, ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವೆಂದು ಎಚ್ಚರಿಕೆ ಬಂದರೆ, ದೀಪಾವಳಿ ಅಮಾವಾಸ್ಯೆ, ಪಾಡ್ಯ ಮುಗಿಸಿ ಹೊರಡುವುದೆಂದು ಎರಡನೇ ಗೆರೆಯನ್ನೂ ಕ್ಯಾಲೆಂಡರಿನಲ್ಲಿ ಎಳೆದಾಗಿದೆ. ಚಾಟನಿಯನ್ನು ಎರಡು ಭಾಗ ಮಾಡಿ, ಮೇಲಿನ ಪಟ್ಟಿಯದ್ದು ಮಹಾನವಮಿಗೆ ಮೊದಲೇ ಮುಗಿಸುವುದೆಂದು ಬೆಳೆಗಾರರು ಒಪ್ಪಿದ್ದಾರೆ. ಉಳಿದದ್ದು ಗಾಡಿಯ ಪ್ರಶ್ನೆ. ತದಡಿಯಿಂದ ಗೋಕರ್ಣ ಹತ್ತಿರ ಎಂದು ಕೇಳಿದ್ದೇ ತಡ, ಮಹಾಬಲೇಶ್ವರನ ದರ್ಶನಕ್ಕೆ ತಾನೂ ಬರುತ್ತೇನೆಂದು ಬೆಳೆಗಾರರ ಅವ್ವ ಹಟ ಹಿಡಿದಿದ್ದಾರೆ. ನೀರು ತುಂಬುವವರೆಗೆ ಹಕ್ಕಿ, ಮಧ್ಯಾಹ್ನದ ಮೇಲೆ ಗೋಕರ್ಣ ಎಂದು ಮಾಸ್ತರರು ಹೊಸ ವೇಳಾಪಟ್ಟಿ ಬರೆದರು. ಮಂದಿ ಹೆಚ್ಚಾದ್ದರಿಂದ ಕಾರು ಸಾಲದು. ಸೋದರಮಾವನ ಬೊಲೆರೊ ಕೇಳಲು ಬೆಳೆಗಾರರು ಫೋನ್ ಹಚ್ಚಿದ್ದಾರೆ.